ಬ್ರೆಕ್ಸಿಟ್ ಟಿಪ್ಪಣಿ: ಸುಂಕ ಸೊನ್ನೆಯಾದರೂ ಗಡಿಯಲ್ಲಿ ಲಾರಿ ನಿಲ್ಲುವುದು ಯಾಕೆ?

ಪರೀಕ್ಷೆಗೆ ಬ್ರೆಕ್ಸಿಟ್ (ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟು ಹೊರಬಂದದ್ದು) ಓದುವಾಗ ನಾನು ಮೂರು ದಿನ ಒಂದೇ ಜಾಗದಲ್ಲಿ ಸಿಕ್ಕಿಕೊಂಡಿದ್ದೆ. 2020ರ ಡಿಸೆಂಬರ್ 24ರಂದು ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟ ವ್ಯಾಪಾರ ಒಪ್ಪಂದಕ್ಕೆ ಬಂದವು. ಸರಕಿಗೆ ಸುಂಕ ಸೊನ್ನೆ, ಇಷ್ಟೇ ಕಳಿಸಬೇಕು ಅನ್ನುವ ಕೋಟಾ ಕೂಡ ಇಲ್ಲ. ಆದರೆ ಮುಂದಿನ ಪುಟದಲ್ಲೇ ಕಾಗದಪತ್ರ ಜಾಸ್ತಿಯಾಯಿತು, ಸಣ್ಣ ವ್ಯಾಪಾರಿಗಳು ಯುರೋಪಿಗೆ ಮಾರುವುದನ್ನೇ ಬಿಟ್ಟರು ಅಂತ ಇತ್ತು. ಸುಂಕವೇ ಇಲ್ಲ ಅಂದಮೇಲೆ ತೊಂದರೆ ಎಲ್ಲಿಂದ ಬಂತು? ಈಗ ತಿಳಿಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ, ನಿಮಗೂ ಉಪಯೋಗ ಆಗಲಿ.

ತಾರೀಕುಗಳು ಬೇಗ ಮುಗಿಯುತ್ತವೆ. ಜನಮತಗಣನೆ 2016ರ ಜೂನ್ 23. ಬಿಡೋಣ ಎಂದವರು ಶೇ 51.9, ಇರೋಣ ಎಂದವರು ಶೇ 48.1. ಬ್ರಿಟನ್ ಹೊರಬಂದದ್ದು 2020ರ ಜನವರಿ 31. ಆದರೆ ಆ ವರ್ಷದ ಕೊನೆಯವರೆಗೂ ಹಳೆಯ ನಿಯಮಗಳೇ ನಡೆದವು. ಹಾಗಾಗಿ ವ್ಯಾಪಾರದ ಮೇಲಿನ ನಿಜವಾದ ಪರಿಣಾಮ ಶುರುವಾಗುವುದು 2021ರ ಜನವರಿ 1ರಿಂದ. ಪ್ರಶ್ನೆಪತ್ರಿಕೆಯಲ್ಲಿ ಈ ಎರಡು ತಾರೀಕುಗಳೇ ಅದಲುಬದಲಾಗುತ್ತವೆ, ನೋಡಿಕೊಳ್ಳಿ.

ಮೂರು ಪ್ರಶ್ನೆಗಳು

ಮುಕ್ತ ವ್ಯಾಪಾರ ಒಪ್ಪಂದ, ಕಸ್ಟಮ್ಸ್ ಯೂನಿಯನ್, ಸಿಂಗಲ್ ಮಾರ್ಕೆಟ್. ಮೂರೂ ಒಂದೇ ಅಂತ ನಾನು ಅಂದುಕೊಂಡಿದ್ದೆ. ಒಂದೊಂದನ್ನೂ ಒಂದೊಂದು ಪ್ರಶ್ನೆ ಅಂತ ಇಟ್ಟುಕೊಂಡಮೇಲೆ ಬಿಡಿಸಿಕೊಂಡವು.

ಮೊದಲನೆಯದು: ನಮ್ಮಿಬ್ಬರ ಸರಕಿಗೆ ನಮ್ಮ ನಡುವೆ ಸುಂಕ ಇದೆಯಾ? ಇದು ಮುಕ್ತ ವ್ಯಾಪಾರ ಒಪ್ಪಂದ.
ಎರಡನೆಯದು: ಹೊರಗಿನವರ ಸರಕಿಗೆ ನಾವಿಬ್ಬರೂ ಒಂದೇ ಸುಂಕ ಹಾಕುತ್ತೇವಾ? ಇದು ಕಸ್ಟಮ್ಸ್ ಯೂನಿಯನ್.
ಮೂರನೆಯದು: ಸರಕು ಹೇಗಿರಬೇಕು ಅನ್ನುವ ನಿಯಮ ಇಬ್ಬರಿಗೂ ಒಂದೇನಾ? ಇದು ಸಿಂಗಲ್ ಮಾರ್ಕೆಟ್. ಜನ ಬೇರೆ ದೇಶಕ್ಕೆ ಹೋಗಿ ಕೆಲಸ ಮಾಡುವ ಸ್ವಾತಂತ್ರ್ಯವೂ ಇದರೊಳಗೇ ಬರುತ್ತದೆ.

ನಾರ್ವೆ ಸಿಂಗಲ್ ಮಾರ್ಕೆಟ್‌ನಲ್ಲಿದೆ, ಕಸ್ಟಮ್ಸ್ ಯೂನಿಯನ್‌ನಲ್ಲಿಲ್ಲ. ಟರ್ಕಿ ಕಾರ್ಖಾನೆ ಸರಕಿನ ಮಟ್ಟಿಗೆ ಕಸ್ಟಮ್ಸ್ ಯೂನಿಯನ್‌ನಲ್ಲಿದೆ, ಸಿಂಗಲ್ ಮಾರ್ಕೆಟ್‌ನಲ್ಲಿಲ್ಲ. ಬ್ರಿಟನ್ ಎರಡರಿಂದಲೂ ಹೊರಬಂತು. ಅದರ ಕೈಲಿ ಉಳಿದದ್ದು ಮೊದಲ ಪ್ರಶ್ನೆಯ ಉತ್ತರ ಮಾತ್ರ.

ನಾನು ಎಡವಿದ ಜಾಗ: ಮೂಲದ ನಿಯಮ

ಇದನ್ನು ನಿಧಾನವಾಗಿ ಓದಿ. ಒಪ್ಪಂದ ಹೇಳುವುದು ಬ್ರಿಟನ್‌ನಿಂದ ಬಂದ ಸರಕಿಗೆ ಸುಂಕ ಸೊನ್ನೆ ಅಂತ ಅಲ್ಲ. ಬ್ರಿಟನ್‌ನಲ್ಲಿ ತಯಾರಾದ ಸರಕಿಗೆ ಸುಂಕ ಸೊನ್ನೆ ಅಂತ. ಬಂದದ್ದು ಬೇರೆ, ತಯಾರಾದದ್ದು ಬೇರೆ. ನನ್ನ ಮೂರು ದಿನ ಹೋದದ್ದು ಈ ಒಂದು ಪದದ ಮೇಲೆ.

ಈ ನಿಯಮ ಯಾಕೆ ಬೇಕು? ಒಂದು ಲೆಕ್ಕ ಹಾಕೋಣ, ಅಂಕಿ ಸುಮ್ನೆ ಊಹೆಗೆ. ಚೀನಾದ ಒಂದು ಸಾಮಾನಿಗೆ ಐರೋಪ್ಯ ಒಕ್ಕೂಟ ಶೇ 10 ಸುಂಕ ಹಾಕುತ್ತದೆ, ಬ್ರಿಟನ್ ಶೇ 2. ಜಾಣ ವ್ಯಾಪಾರಿ ಏನು ಮಾಡುತ್ತಾನೆ? ಸಾಮಾನನ್ನು ಮೊದಲು ಬ್ರಿಟನ್‌ಗೆ ತಂದು ಶೇ 2 ಕಟ್ಟುತ್ತಾನೆ. ಆಮೇಲೆ ಡೋವರ್‌ನಿಂದ ಕಡಲು ದಾಟಿಸಿ ಫ್ರಾನ್ಸ್‌ನ ಕ್ಯಾಲೆಗೆ ಕಳಿಸುತ್ತಾನೆ. ಅಲ್ಲಿ ಸುಂಕ ಸೊನ್ನೆ, ಅಲ್ವಾ? ಒಕ್ಕೂಟಕ್ಕೆ ಬರಬೇಕಾದ ಸುಂಕ ಹೋಯಿತು. ಹೀಗಾಗಬಾರದು ಅಂದರೆ ಪ್ರತಿ ಲಾರಿಯ ಸರಕಿಗೂ ಇದು ನಿಜವಾಗಿ ಎಲ್ಲಿಯದು ಅನ್ನುವ ದಾಖಲೆ ಕೇಳಲೇಬೇಕು. ಕಸ್ಟಮ್ಸ್ ಯೂನಿಯನ್ ಒಳಗೆ ಇಬ್ಬರ ಹೊರ ಸುಂಕವೂ ಒಂದೇ ಆದ್ದರಿಂದ ಈ ದಾಖಲೆ ಬೇಕಿರಲಿಲ್ಲ.

ಈಗ ನಿಜವಾದ ಉದಾಹರಣೆ. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಗಳಲ್ಲಿ ಪರ್ಸಿ ಪಿಗ್ ಅನ್ನುವ ಮಿಠಾಯಿ ಸಿಗುತ್ತದೆ. ಅದು ತಯಾರಾಗುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿಂದ ಬ್ರಿಟನ್‌ನ ಗೋದಾಮಿಗೆ ಬಂದು, ಮತ್ತೆ ಐರ್ಲೆಂಡ್‌ಗೆ ಹೋಗುತ್ತಿತ್ತು. 2021ರ ಜನವರಿಯಲ್ಲಿ ಆ ಕಂಪನಿಯ ಮುಖ್ಯಸ್ಥರು ಇದಕ್ಕೆ ಸುಂಕ ಬೀಳಬಹುದು ಎಂದರು. ಜರ್ಮನಿಯೂ ಒಕ್ಕೂಟ, ಐರ್ಲೆಂಡೂ ಒಕ್ಕೂಟ, ಹಾಗಾದರೆ ಸುಂಕ ಯಾಕೆ? ಬ್ರಿಟನ್‌ಗೆ ಕಾಲಿಟ್ಟ ಕೂಡಲೇ ಆ ಮಿಠಾಯಿ ಒಕ್ಕೂಟದ ಹೊರಗೆ ಹೋಯಿತು. ಬ್ರಿಟನ್‌ನಲ್ಲಿ ಅದಕ್ಕೆ ಯಾವ ಕೆಲಸವೂ ಆಗಲಿಲ್ಲ, ಸುಮ್ನೆ ಗೋದಾಮಿನಲ್ಲಿ ಕೂತಿತ್ತು. ಹಾಗಾಗಿ ಅದು ಬ್ರಿಟಿಷ್ ಸರಕೂ ಆಗಲಿಲ್ಲ. ವಾಪಸ್ ಬರುವಾಗ ಸೊನ್ನೆ ಸುಂಕ ಕೇಳುವ ಹಕ್ಕು ಅದಕ್ಕಿಲ್ಲ. ಇಲ್ಲಿಯವರೆಗೆ ಅರ್ಥವಾದರೆ ಮೂಲದ ನಿಯಮ ಮುಗಿದಂತೆಯೇ.

ಎಷ್ಟು ಕೆಲಸ ಮಾಡಿದರೆ ಬ್ರಿಟಿಷ್ ಆಗುತ್ತದೆ? ಸರಕಿಗೊಂದು ಲೆಕ್ಕ ಇದೆ. ಭಾರತದ ಬಟ್ಟೆ ತರಿಸಿ ಲೆಸ್ಟರ್‌ನಲ್ಲಿ ಅಂಗಿ ಹೊಲಿದರೆ ಸಾಲದು. ಕಾರಾದರೆ ಬೆಲೆಯಲ್ಲಿ ಬ್ರಿಟನ್ ಮತ್ತು ಒಕ್ಕೂಟ ಎರಡರ ಹೊರಗಿನ ಬಿಡಿಭಾಗ ಶೇ 45 ಮೀರಬಾರದು. ಮೀರಿದರೆ ಶೇ 10 ಸುಂಕ. ಬ್ಯಾಟರಿ ಕಾರುಗಳಿಗೆ ನಿಯಮ 2024ರಿಂದ ಬಿಗಿಯಾಗಬೇಕಿತ್ತು, ಆದರೆ ಬ್ಯಾಟರಿಗಳು ಏಷ್ಯಾದಿಂದಲೇ ಬರುತ್ತಿದ್ದವು. ಕೊನೆಗೆ ಅದನ್ನು 2026ರ ಕೊನೆಯವರೆಗೆ ಮುಂದೂಡಿದರು.

ಇದು ಎರಡನೇ ಪ್ರಶ್ನೆಯ ಕಥೆ. ಮೂರನೆಯದರ ಪೆಟ್ಟು ಬಿದ್ದದ್ದು ಆಹಾರಕ್ಕೆ. ಮಾಂಸ ಕಳಿಸಲು ಪಶುವೈದ್ಯರ ಸಹಿ ಇರುವ ಪ್ರಮಾಣಪತ್ರ ಬೇಕಾಯಿತು. ಬ್ರಿಟನ್‌ನ ಕೆಲವು ಕರಾವಳಿ ನೀರಿನ ಜೀವಂತ ಚಿಪ್ಪುಮೀನನ್ನು ಶುದ್ಧೀಕರಿಸದೆ ಕಳಿಸುವಂತೆಯೇ ಇಲ್ಲವಾಯಿತು. ಚಿಪ್ಪುಮೀನು ಬದಲಾಗಿರಲಿಲ್ಲ, ಬ್ರಿಟನ್ ಹೊರದೇಶ ಆಗಿತ್ತು.

ಉತ್ತರ ಐರ್ಲೆಂಡ್

ಮೇಲಿನದು ಗೊತ್ತಾದರೆ ಇದು ಸುಲಭ. ಐರ್ಲೆಂಡ್ ದ್ವೀಪದಲ್ಲಿ ಸುಮಾರು 500 ಕಿ.ಮೀ. ಗಡಿ. ದಕ್ಷಿಣ ಭಾಗ ಒಕ್ಕೂಟದಲ್ಲಿದೆ, ಉತ್ತರ ಭಾಗ ಬ್ರಿಟನ್‌ನಲ್ಲಿದೆ. ದಶಕಗಳ ಹಿಂಸೆ ನಿಲ್ಲಿಸಿದ 1998ರ ಗುಡ್ ಫ್ರೈಡೆ ಒಪ್ಪಂದದ ನಂತರ ಅಲ್ಲಿ ತಪಾಸಣಾ ಠಾಣೆಗಳಿಲ್ಲ, ಮತ್ತೆ ತರಲು ಯಾರಿಗೂ ಮನಸ್ಸಿಲ್ಲ. ಆದರೆ ದಾಖಲೆಗಳನ್ನು ಎಲ್ಲಾದರೂ ನೋಡಲೇಬೇಕಲ್ಲ. ಆಗಿನ ಪ್ರಧಾನಿ ಥೆರೆಸಾ ಮೇ ಬೇರೆ ದಾರಿ ಸಿಗುವವರೆಗೆ ಇಡೀ ಬ್ರಿಟನ್ನನ್ನೇ ಕಸ್ಟಮ್ಸ್ ಯೂನಿಯನ್‌ಗೆ ಕಟ್ಟಿಡುವ ಏರ್ಪಾಡು ತಂದರು. 2019ರ ಜನವರಿಯಲ್ಲಿ ಸಂಸತ್ತು ಅವರ ಒಪ್ಪಂದವನ್ನು 432–202 ಮತಗಳಿಂದ ತಳ್ಳಿಹಾಕಿತು. ಅವರ ನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ ತಪಾಸಣೆಯನ್ನು ಉತ್ತರ ಐರ್ಲೆಂಡ್ ಮತ್ತು ಉಳಿದ ಬ್ರಿಟನ್ ನಡುವಿನ ಸಮುದ್ರಕ್ಕೆ ಸರಿಸಿದರು. ಆಗ ಬ್ರಿಟನ್‌ನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸಾಸೇಜ್ ಕಳಿಸಲೂ ಜಗಳವಾಯಿತು. ಉತ್ತರ ಐರ್ಲೆಂಡ್ ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಡಿಯುಪಿ ಪಕ್ಷ ಇದನ್ನು ವಿರೋಧಿಸಿ ಅಲ್ಲಿನ ಸರ್ಕಾರದಲ್ಲಿ ಕೂರಲು ಒಪ್ಪದೆ 2022ರ ಫೆಬ್ರವರಿಯಿಂದ ಎರಡು ವರ್ಷ ಅಲ್ಲಿ ಆಡಳಿತವೇ ನಿಂತಿತು. 2023ರ ವಿಂಡ್ಸರ್ ಒಪ್ಪಂದ ಉತ್ತರದಲ್ಲೇ ಉಳಿಯುವ ಸರಕಿಗೆ ಹಸಿರು ದಾರಿ, ದಕ್ಷಿಣಕ್ಕೆ ಹೋಗಬಹುದಾದ ಸರಕಿಗೆ ಕೆಂಪು ದಾರಿ ಮಾಡಿ ಗಂಟನ್ನು ಸ್ವಲ್ಪ ಸಡಿಲಿಸಿತು.

ಶೇ 4 ಅಂದರೆ ಏನು?

ಬ್ರಿಟನ್‌ನ ಬಜೆಟ್ ಲೆಕ್ಕ ನೋಡುವ ಸ್ವತಂತ್ರ ಸಂಸ್ಥೆ ಒಬಿಆರ್. ಬ್ರೆಕ್ಸಿಟ್‌ನಿಂದ ದೀರ್ಘಕಾಲದಲ್ಲಿ ಉತ್ಪಾದಕತೆ ಶೇ 4ರಷ್ಟು, ರಫ್ತು–ಆಮದು ಶೇ 15ರಷ್ಟು ಕಡಿಮೆ ಇರುತ್ತದೆ ಎಂದು ಅದರ ಅಂದಾಜು. ವರ್ಷ ವರ್ಷವೂ ಶೇ 4 ಕುಸಿಯುತ್ತದೆ ಅಂತ ನಾನು ಓದಿಕೊಂಡಿದ್ದೆ. ಅದು ತಪ್ಪು. ಹೋಲಿಕೆ ನಿನ್ನೆಯ ಬ್ರಿಟನ್ ಜೊತೆ ಅಲ್ಲ, ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದ ಬ್ರಿಟನ್ ಜೊತೆ. ಆರ್ಥಿಕತೆ ಬೆಳೆಯುತ್ತಲೂ ಇರಬಹುದು, ಬೆಳೆಯಬಹುದಾಗಿದ್ದಕ್ಕಿಂತ ಕಡಿಮೆಯೂ ಇರಬಹುದು. ಕೋವಿಡ್ ಮತ್ತು ಉಕ್ರೇನ್ ಯುದ್ಧದ ಪೆಟ್ಟೂ ಅದೇ ಕಾಲಕ್ಕೆ ಬಿದ್ದದ್ದರಿಂದ ಇಂಥ ಹೋಲಿಕೆ ಬಿಟ್ಟು ಬೇರೆ ದಾರಿಯಿಲ್ಲ. ಸೇವಾ ರಫ್ತು ಮಾತ್ರ ಹೆದರಿದ್ದಕ್ಕಿಂತ ಚೆನ್ನಾಗಿ ನಡೆದಿದೆ, ಉತ್ತರದಲ್ಲಿ ಅದನ್ನೂ ಬರೆಯಿರಿ.

ವಲಸೆ ಕಡಿಮೆಯಾಯಿತು ಅಂತ ಬರೆಯಬೇಡಿ. ಯುರೋಪಿನವರು ಬರುವುದು ಇಳಿಯಿತು, ಭಾರತವೂ ಸೇರಿ ಬೇರೆ ದೇಶಗಳಿಂದ ಓದಲು, ಆರೈಕೆ ಕೆಲಸಕ್ಕೆ ಬರುವವರು ಏರಿದರು. 2023ರ ಮಧ್ಯದ ಹೊತ್ತಿಗೆ ಒಂದು ವರ್ಷದ ನಿವ್ವಳ ವಲಸೆ (ಬಂದವರಲ್ಲಿ ಹೋದವರನ್ನು ಕಳೆದದ್ದು) 9 ಲಕ್ಷ ದಾಟಿತ್ತು. ಗಡಿ ನಮ್ಮ ಕೈಗೆ ಬರಲಿ ಎಂದು ಮತ ಹಾಕಿದವರ ಸಿಟ್ಟು ಇಲ್ಲಿಂದ ಮತ್ತೆ ಎದ್ದಿತು. 2024ರ ಚುನಾವಣೆಯಲ್ಲಿ ಲೇಬರ್ ಗೆದ್ದಿತು, ಆದರೆ ಬ್ರೆಕ್ಸಿಟ್‌ಗಾಗಿ ಹೋರಾಡಿದ್ದ ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷ ಶೇ 14ರಷ್ಟು ಮತ ಪಡೆಯಿತು. ಸೀಟು ಮಾತ್ರ ಐದು.

ಕೊನೆಯದಾಗಿ ಎರಡು ಒಪ್ಪಂದ. 2025ರ ಜುಲೈ 24ರಂದು ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿಯಾಯಿತು. ಕಸ್ಟಮ್ಸ್ ಯೂನಿಯನ್‌ನಲ್ಲೇ ಇದ್ದಿದ್ದರೆ ಬ್ರಿಟನ್ ಒಂಟಿಯಾಗಿ ಇದನ್ನು ಮಾಡುವಂತಿರಲಿಲ್ಲ. ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಇದರಿಂದ ಅಲ್ಲಿ ಸುಂಕ ಹೋಗುತ್ತದೆ, ಮೂಲದ ನಿಯಮ ಇಲ್ಲೂ ಇದೆ. ಅದೇ ವರ್ಷ ಮೇ 19ರಂದು ಲಂಡನ್‌ನಲ್ಲಿ ಬ್ರಿಟನ್ ಮತ್ತು ಒಕ್ಕೂಟ ಆಹಾರ ಸರಕಿನ ತಪಾಸಣೆ ಇಳಿಸುವ ಒಪ್ಪಂದ ಮಾಡಿಕೊಳ್ಳಲು ಒಪ್ಪಿದವು. ಅದಕ್ಕಾಗಿ ಬ್ರಿಟನ್ ಒಕ್ಕೂಟದ ಆಹಾರ ನಿಯಮಗಳನ್ನು ಅವು ಬದಲಾದಂತೆಲ್ಲ ಪಾಲಿಸಬೇಕು. ಅಂದರೆ ಮೂರನೇ ಪ್ರಶ್ನೆಗೆ ಆಹಾರದ ಮಟ್ಟಿಗೆ ಮತ್ತೆ ಹೌದು ಅನ್ನಲು ಹೊರಟಿದೆ. ಎರಡನೆಯದಕ್ಕೆ ಅದರ ಉತ್ತರ ಈಗಲೂ ‘ಇಲ್ಲ’ ಅಂತಲೇ.