ಗೊದಮೊಟ್ಟೆಯ ಬಾಲ ಬೆಳೆಯುತ್ತದೆ, ಕಪ್ಪೆಯ ಕಾಲೇಕೆ ಬೆಳೆಯದು?

ಪ್ರಶ್ನೆ: ಗದ್ದೆಯ ನೀರಿನಲ್ಲಿ ಬಾಲ ತುಂಡಾದ ಗೊದಮೊಟ್ಟೆಗಳು ಕೆಲವು ದಿನ ಕಳೆದ ಮೇಲೆ ಇಡೀ ಬಾಲ ಬೀಸುತ್ತ ಓಡಾಡುವುದನ್ನು ನೋಡಿದ್ದೇನೆ. ಕಾಲು ಕಳೆದುಕೊಂಡ ದೊಡ್ಡ ಕಪ್ಪೆ ಮಾತ್ರ ಹಾಗೆಯೇ ಉಳಿಯುತ್ತದೆ. ಚರ್ಮದ ಕೋಶ ಬೇಕೆಂದಾಗ ಸ್ನಾಯುವೋ ಮೂಳೆಯೋ ಆಗಿ ಬದಲಾಗುತ್ತದೆಯೇ? ಕಾಂಡಕೋಶ ಎಂದರೆ ಇದೇನಾ? (ಪೊನ್ನಂಪೇಟೆಯ ಓದುಗರು)

ಉತ್ತರ: ಕೋಶ ಬದಲಾಗಬಲ್ಲದು, ನಿಜ. ಆದರೆ ನೀವು ಗದ್ದೆಯಲ್ಲಿ ಕಂಡ ಬಾಲದ ಕತೆ ಅದಲ್ಲ. ಎರಡನ್ನೂ ಒಂದೇ ಎಂದುಕೊಂಡವರು ನೀವೊಬ್ಬರೇ ಅಲ್ಲ. ಬಹಳ ಕಾಲ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಕಪ್ಪೆಯನ್ನು ಸ್ವಲ್ಪ ಹೊತ್ತು ಬಿಟ್ಟು ಮೆಣಸಿನ ಬಳ್ಳಿಯ ಬಳಿಗೆ ಬನ್ನಿ. ಕೊಡಗಿನಲ್ಲಿ ನರ್ಸರಿ ಮಾಡಿದವರಿಗೆಲ್ಲ ಗೊತ್ತಿರುವ ವಿಷಯ ಇದು. ಬುಡದಲ್ಲಿ ನೆಲಕ್ಕೆ ಹಬ್ಬಿದ ಬಳ್ಳಿಯನ್ನು ತುಂಡು ಮಾಡಿ ನೆಟ್ಟರೆ ಆ ಗಿಡ ಮುಂದೆ ಸಿಲ್ವರ್ ಓಕ್ ಮರವನ್ನು ತಬ್ಬಿಕೊಂಡು ಮೇಲೇರುತ್ತದೆ. ಅದೇ ಬಳ್ಳಿಯ ಕಾಯಿ ಬಿಡುವ ಅಡ್ಡ ಕೊಂಬೆಯನ್ನು ನೆಟ್ಟರೆ ಬರುವುದು ಪೊದೆ ಮೆಣಸು. ಕುಂಡದಲ್ಲೇ ಕುಳಿತು ಕಾಯಿ ಬಿಡುತ್ತದೆ, ಪಕ್ಕದಲ್ಲಿ ಮರವಿದ್ದರೂ ಹತ್ತುವುದಿಲ್ಲ. ಕಾಫಿಯಲ್ಲೂ ಹಾಗೆಯೇ: ನೆಟ್ಟಗೆ ಬೆಳೆಯುವ ಗಿಡ ಬೇಕಾದರೆ ಕಂಬಚಿಗುರಿನ, ಅಂದರೆ ನೆಟ್ಟಗೆ ಮೇಲೇಳುವ ಚಿಗುರಿನ, ತುಂಡೇ ಆಗಬೇಕು. ತಾಯಿ ಗಿಡ ಒಂದೇ, ವಂಶವಾಹಿಗಳೂ ಅವೇ. ಆದರೂ ಕೊಂಬೆಯ ತುಂಡಿಗೆ ತಾನು ಕೊಂಬೆ ಎಂಬುದು ಮರೆಯುವುದಿಲ್ಲ.

ಪ್ರಾಣಿಗಳ ಕೋಶ ಒಂದು ಕಸುಬಿಗೆ ಇಳಿದ ಮೇಲೆ ಉಳಿದ ಕಸುಬುಗಳ ಮಾಹಿತಿಯನ್ನು ಕಳೆದುಕೊಂಡುಬಿಡುತ್ತದೆಯೋ, ಅಥವಾ ಮಾಹಿತಿ ಇದ್ದೂ ಬಳಸುವುದಿಲ್ಲವೋ? ಇದನ್ನು ತೀರ್ಮಾನಿಸಿದ್ದು ಕಪ್ಪೆಗಳೇ. 1952ರಲ್ಲಿ ಅಮೆರಿಕದ ರಾಬರ್ಟ್ ಬ್ರಿಗ್ಸ್ ಮತ್ತು ಥಾಮಸ್ ಕಿಂಗ್, ಎಳೆಯ ಭ್ರೂಣದ ಕೋಶಕೇಂದ್ರವನ್ನು ತೆಗೆದು, ಕೇಂದ್ರ ಕಿತ್ತ ಮೊಟ್ಟೆಯೊಳಗೆ ಇಟ್ಟು ಗೊದಮೊಟ್ಟೆ ಪಡೆದರು. ಭ್ರೂಣ ಬಲಿತಷ್ಟೂ ಅವರ ಪ್ರಯೋಗ ಸೋತಿತು. ಹಾಗಾದರೆ ಮಾಹಿತಿ ಕಳೆದೇಹೋಗುತ್ತದೆ ಎಂದು ಹಲವರಿಗೆ ಅನ್ನಿಸಿತು.

ಆಕ್ಸ್‌ಫರ್ಡ್‌ನ ಜಾನ್ ಗರ್ಡನ್ ಕೈಗೆತ್ತಿಕೊಂಡದ್ದು ಆಫ್ರಿಕಾದ ಉಗುರುಗಪ್ಪೆಯನ್ನು. ಇದರ ಮೊಟ್ಟೆ ಒಂದು ಮಿಲಿಮೀಟರಿಗಿಂತ ತುಸು ದೊಡ್ಡದು, ಬರಿಗಣ್ಣಿಗೆ ರಾಗಿಕಾಳಿನಂತೆ ಕಾಣುತ್ತದೆ. ನೇರಳಾತೀತ ಕಿರಣ ಹಾಯಿಸಿ ಅವರು ಮೊಟ್ಟೆಯ ಸ್ವಂತ ಕೇಂದ್ರವನ್ನು ಕೊಂದರು. ಆಹಾರ ತಿನ್ನಲು ಶುರುಮಾಡಿದ್ದ ಗೊದಮೊಟ್ಟೆಯ ಕರುಳಿನಿಂದ ಒಂದು ಕೋಶ ತೆಗೆದು, ಅದಕ್ಕಿಂತ ಸಪೂರವಾದ ಗಾಜಿನ ನಳಿಗೆಯೊಳಗೆ ಎಳೆದುಕೊಂಡರು. ಆ ಇಕ್ಕಟ್ಟಿಗೆ ಕೋಶದ ಪೊರೆ ಹರಿಯುತ್ತದೆ, ಒಳಗಿನದ್ದನ್ನು ಮೊಟ್ಟೆಗೆ ಊಡಬಹುದು. ಮೊಟ್ಟೆಯದೇ ಕೇಂದ್ರ ಸಾಯದೆ ಉಳಿದು ಮೋಸ ಮಾಡಿದರೆ? ಅದಕ್ಕೂ ಉಪಾಯವಿತ್ತು. ಕರುಳು ಕೊಟ್ಟ ತಳಿಯ ಕೋಶಕೇಂದ್ರದಲ್ಲಿ ಕಾಣುವುದು ಒಂದೇ ಚುಕ್ಕೆ. ಮೊಟ್ಟೆ ಕೊಟ್ಟ ತಳಿಯದರಲ್ಲಿ ಎರಡು. ಹುಟ್ಟಿದ ಮರಿಯ ಕೋಶದಲ್ಲಿ ಚುಕ್ಕೆ ಎಣಿಸಿದರೆ ಯಾರ ಮಗುವೆಂದು ತಿಳಿಯುತ್ತದೆ. ನನಗಂತೂ ಈ ಇಡೀ ಪ್ರಯೋಗದಲ್ಲಿ ಅತ್ಯಂತ ಇಷ್ಟವಾದದ್ದು ಈ ಎಣಿಕೆಯೇ.

1962ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: 726 ಮೊಟ್ಟೆಗಳಿಗೆ ಕರುಳಿನ ಕೇಂದ್ರ ಹಾಕಿದರು, 10 ಮಾತ್ರ ಸರಿಯಾದ ಗೊದಮೊಟ್ಟೆಗಳಾದವು. ನಮ್ಮ ಸಸಿಮಡಿಯಲ್ಲಿ ಇಷ್ಟೇ ಮೊಳೆತರೆ ಬೀಜ ಕೊಟ್ಟವನನ್ನು ಹುಡುಕಿಕೊಂಡು ಹೋಗುತ್ತೇವೆ. ಆದರೆ ಇಲ್ಲಿ ಆ ಹತ್ತೇ ಸಾಕಾಗಿದ್ದವು. ಕರುಳಿನ ಕೋಶದಲ್ಲಿ ಇಡೀ ಕಪ್ಪೆಯ ಮಾಹಿತಿ ಉಳಿದೇ ಇತ್ತು. ಅದೇ ವರ್ಷ ಜಪಾನಿನಲ್ಲಿ ಹುಟ್ಟಿದ ಶಿನ್ಯಾ ಯಮನಾಕ 2006ರಲ್ಲಿ, ಮೊಟ್ಟೆಯ ನೆರವೂ ಇಲ್ಲದೆ, ನಾಲ್ಕೇ ವಂಶವಾಹಿಗಳನ್ನು ಸೇರಿಸಿ ಇಲಿಯ ಚರ್ಮದ ಕೋಶವನ್ನು ಕಾಂಡಕೋಶದಂತಾಗಿಸಿದರು. ತನ್ನಂಥದ್ದನ್ನು ಹುಟ್ಟಿಸುತ್ತಲೇ ಬೇರೆ ಕಸುಬಿನ ಕೋಶಗಳನ್ನೂ ಕೊಡಬಲ್ಲದ್ದು ಕಾಂಡಕೋಶ. 2012ರ ನೊಬೆಲ್ ಇಬ್ಬರಿಗೂ ಸೇರಿ ಬಂತು.

ಎಲ್ಲರೂ ಆ ಹತ್ತರ ಬಗ್ಗೆ ಬರೆಯುತ್ತಾರೆ. ಉಳಿದ 716 ಏಕೆ ಸೋತವು? ಒಂದು ಕಾರಣ ಅವಸರ. ಈ ಕಪ್ಪೆಯ ಮೊಟ್ಟೆ ಒಂದೂವರೆ ಗಂಟೆಯಲ್ಲಿ ಎರಡಾಗುತ್ತದೆ, ಆಮೇಲೆ ಸುಮಾರು ಅರ್ಧ ಗಂಟೆಗೊಮ್ಮೆ ಒಡೆಯುತ್ತಲೇ ಹೋಗುತ್ತದೆ. ನಿಧಾನಕ್ಕೆ ಒಗ್ಗಿದ ಕರುಳಿನ ಕೇಂದ್ರಕ್ಕೆ ಆ ಓಟ ಹಿಡಿಯುವುದಿಲ್ಲ. ಇನ್ನೊಂದು ಕಾರಣ ಪೊದೆ ಮೆಣಸಿನದೇ. ಸ್ನಾಯುವಿನ ಕೇಂದ್ರ ಹಾಕಿ ಬೆಳೆಸಿದ ಭ್ರೂಣಗಳಲ್ಲಿ, ಸ್ನಾಯು ಆಗಬೇಕಿಲ್ಲದ ಜಾಗದಲ್ಲೂ ಸ್ನಾಯುವಿನ ವಂಶವಾಹಿ ಕೆಲಸ ಮಾಡುತ್ತಿದ್ದುದನ್ನು ಗರ್ಡನ್ ಮತ್ತು ಅವರ ಜೊತೆಗಾರರು ಕಂಡರು. ಕೋಶ 24 ಸಲ ಒಡೆದರೂ ಹಳೆಯ ಕಸುಬಿನ ನೆನಪು ಉಳಿಯಬಲ್ಲದು ಎಂದು 2008ರಲ್ಲಿ ವರದಿ ಮಾಡಿದರು. ಆ ನೆನಪು ಕೂತಿರುವುದು ಡಿಎನ್‌ಎಯ ಅಕ್ಷರಗಳಲ್ಲಲ್ಲ, ಡಿಎನ್‌ಎ ನೂಲು ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಉಂಡೆಗಳಲ್ಲಿ.

ಈಗ ನಿಮ್ಮ ಗದ್ದೆಗೆ ಬರೋಣ. ಬಾಲ ತುಂಡಾದಾಗ ಚರ್ಮದ ಕೋಶ ಸ್ನಾಯುವಾಗುವುದಿಲ್ಲ. ಉಗುರುಗಪ್ಪೆಯ ಗೊದಮೊಟ್ಟೆಗಳಲ್ಲಿ ಕೋಶಗಳಿಗೆ ಗುರುತು ಹಾಕಿ ನೋಡಿದ್ದಾರೆ: ಹೊಸ ಬೆನ್ನುಹುರಿ ಹಳೆಯ ಬೆನ್ನುಹುರಿಯಿಂದಲೇ ಬರುತ್ತದೆ, ಹೊಸ ಸ್ನಾಯು ಹಳೆಯ ಸ್ನಾಯುವಿನ ಪಕ್ಕದಲ್ಲಿ ಕಾದು ಕುಳಿತಿದ್ದ ಸ್ನಾಯುವಿನದೇ ಕಾಂಡಕೋಶಗಳಿಂದ. ಯಾರೂ ಕಸುಬು ಬಿಡುವುದಿಲ್ಲ. ಹಾಗಾದರೆ ಚರ್ಮದ ಪಾಲೇನು? ಮೇಸ್ತ್ರಿಯದು. ಚರ್ಮದಲ್ಲಿರುವ ಒಂದು ಬಗೆಯ ಕೋಶಗಳು ಗಾಯದ ತುದಿಗೆ ಹೋಗಿ ಕುಳಿತು ಉಳಿದವುಗಳಿಗೆ ಬೆಳೆಯುವ ಸೂಚನೆ ಕೊಡುತ್ತವೆ ಎಂದು ಕೇಂಬ್ರಿಡ್ಜ್ ತಂಡವೊಂದು 2019ರಲ್ಲಿ ತೋರಿಸಿತು. ಗೊದಮೊಟ್ಟೆಯ ಬಾಳಿನಲ್ಲಿ ಬಾಲ ಬೆಳೆಯದ ಒಂದೆರಡು ದಿನಗಳೂ ಇವೆ. ಆಗ ಈ ಮೇಸ್ತ್ರಿ ಕೋಶಗಳು ಗಾಯದ ಬಳಿಗೆ ಬರುವುದೇ ಇಲ್ಲ.

ನಿಜವಾಗಿ ಕಸುಬು ಬದಲಿಸುವುದನ್ನು ನೋಡಬೇಕಾದರೆ ಬಾಲದಲ್ಲಲ್ಲ, ಕಣ್ಣಿನಲ್ಲಿ ನೋಡಬೇಕು. ಉಗುರುಗಪ್ಪೆಯ ಗೊದಮೊಟ್ಟೆಯ ಕಣ್ಣಿನ ಮಸೂರ ತೆಗೆದರೆ, ಮುಂದಿನ ಪಾರದರ್ಶಕ ಪಟಲವಾದ ಕಾರ್ನಿಯಾದ ಕೋಶಗಳೇ ಹೊಸ ಮಸೂರವಾಗುತ್ತವೆ.

ಕಾಲಿನ ವಿಷಯ ಬೇಸರದ್ದು. ಗೊದಮೊಟ್ಟೆಗೆ ಕಾಲಿನ ಮೊಗ್ಗು ಆಗಷ್ಟೇ ಮೂಡಿರುವಾಗ ಕಡಿದರೆ ಮತ್ತೆ ಬರುತ್ತದೆ. ಬಲಿತ ಉಗುರುಗಪ್ಪೆಯಲ್ಲಿ ಬರುವುದು ಬೆರಳಿಲ್ಲದ, ಕೀಲಿಲ್ಲದ ಮೃದ್ವಸ್ಥಿಯ ಒಂದು ಮೊಳೆ. 2022ರಲ್ಲಿ ಅಮೆರಿಕದ ವಿಜ್ಞಾನಿಗಳು ಐದು ಔಷಧಿಗಳಿದ್ದ ಸಿಲಿಕೋನ್ ಟೊಪ್ಪಿಯೊಂದನ್ನು ಗಾಯಕ್ಕೆ 24 ಗಂಟೆ ಮಾತ್ರ ತೊಡಿಸಿದರು. ಮುಂದಿನ 18 ತಿಂಗಳಲ್ಲಿ ಮೂಳೆ, ನರ ಸೇರಿದ ಕಾಲಿನಂಥ ಕಾಲು ಬಂತು. ಪೂರ್ಣ ಕಾಲು ಎಂದು ನಾನು ಹೇಳಲಾರೆ.

ಗದ್ದೆಯಲ್ಲಿ ಇದನ್ನು ಮತ್ತೆ ನೋಡಬೇಕಿದ್ದರೆ ನೀವು ಕತ್ತರಿ ಹಿಡಿಯಬೇಕಿಲ್ಲ, ಏರೋಪ್ಲೇನ್ ಚಿಟ್ಟೆಯ ಮರಿಗಳು ಆ ಕೆಲಸ ಮಾಡುತ್ತವೆ. ಕಳೆದ ಕಕ್ಕಡದಲ್ಲಿ (ಕೊಡಗಿನ ಮಳೆಗಾಲದ ತಿಂಗಳು) ನಮ್ಮ ಗದ್ದೆಯ ಮೂಲೆಯಲ್ಲಿ ನಾನು ಕಂಡ ಗೊದಮೊಟ್ಟೆಯ ಬಾಲ ಅರ್ಧದವರೆಗೆ ಕಪ್ಪು, ಅಲ್ಲಿಂದ ತುದಿಯವರೆಗೆ ಗಂಜಿನೀರಿನಂತೆ ಮಸುಕು; ಬಣ್ಣದ ಕೋಶಗಳು ಅಲ್ಲಿಗೆ ಇನ್ನೂ ತಲುಪಿರಲಿಲ್ಲ. ಕಾಫಿ ತೋಟದೊಳಗೆ ರಾತ್ರಿ ಟಿಕ್ ಟಿಕ್ ಎನ್ನುವ ಪುಟ್ಟ ಪೊದೆಗಪ್ಪೆಗಳಲ್ಲಿ ಮಾತ್ರ ಹುಡುಕಬೇಡಿ. ಅವುಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯೊಡೆದು ಬರುವುದೇ ಕಾಲು ಮೂಡಿದ ಕಪ್ಪೆಮರಿ.