ಸ್ಕ್ಯಾನ್‌ನಲ್ಲಿ ಗಂಟು, ರಕ್ತದಲ್ಲಿ ನೆಗೆಟಿವ್: ಲಾಡಿಹುಳು ಪರೀಕ್ಷೆಯ ಹಿನ್ನೆಲೆ

ಮಗುವಿಗೆ ಫಿಟ್ಸ್ ಬಂದಿದೆ. ಮಿದುಳಿನ ಸ್ಕ್ಯಾನ್‌ನಲ್ಲಿ ಸಣ್ಣದೊಂದು ಗಂಟು ಕಾಣುತ್ತದೆ, ಲಾಡಿಹುಳುವಿನ ರಕ್ತ ಪರೀಕ್ಷೆ ಮಾತ್ರ ನೆಗೆಟಿವ್. ಹುಳು ಇದೆಯೋ ಇಲ್ಲವೋ ಎಂದು ಮನೆಯವರು ಕಂಗಾಲಾಗುತ್ತಾರೆ.

ಹಂದಿ ಲಾಡಿಹುಳು ಕರುಳಲ್ಲಿರುವವರ ಮಲದಿಂದ ಮೊಟ್ಟೆಗಳು ಹೊರಬರುತ್ತವೆ. ತೊಳೆಯದ ಕೈ, ಸೊಪ್ಪು, ನೀರಿನ ಮೂಲಕ ಅವು ಇನ್ನೊಬ್ಬರ ಹೊಟ್ಟೆ ಸೇರಿದರೆ ಮರಿಹುಳು ಮಿದುಳಿಗೂ ಹೋಗಿ ನೀರುಗುಳ್ಳೆಯಾಗಿ ಕೂರಬಹುದು. ಮಾಂಸ ಮುಟ್ಟದವರಿಗೂ ಇದು ಬರುವುದು ಹೀಗೆ. ಭಾರತದಿಂದ ಮರಳಿದ ಬ್ರಿಟಿಷ್ ಸೈನಿಕರ ಮೂರ್ಛೆಗೆ ಇದೇ ಕಾರಣವೆಂದು 1930ರ ದಶಕದಲ್ಲೇ ಗೊತ್ತಾಗಿತ್ತು. ಆಮೇಲೆ ಬಂದ ರಕ್ತ ಪರೀಕ್ಷೆಗಳಲ್ಲಿ ಹುಳುವನ್ನೇ ಅರೆದ ಸಾರ ಬಳಸುತ್ತಿದ್ದರು. ಬೇರೆ ಹುಳುಗಳ ಸೋಂಕಿಗೂ ಅವು ಪಾಸಿಟಿವ್ ಎನ್ನುತ್ತಿದ್ದವು.

1989ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ವಿಕ್ಟರ್ ತ್ಸಾಂಗ್ ತಂಡ ದಾರಿ ಬದಲಿಸಿತು. ನಮ್ಮ ಅಡುಗೆಮನೆಯ ಚನ್ನಂಗಿಬೇಳೆಯ ಜಾತಿಯ ಕಾಳಿನಲ್ಲಿ ಲೆಕ್ಟಿನ್ ಎಂಬ ಪ್ರೋಟೀನ್ ಇದೆ. ಸಕ್ಕರೆ ಅಂಶವಿರುವ ಪ್ರೋಟೀನ್‌ಗಳನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಅದರ ನೆರವಿನಿಂದ ಹುಳುವಿನ ಏಳು ಗ್ಲೈಕೊಪ್ರೋಟೀನ್‌ಗಳನ್ನು ಬೇರ್ಪಡಿಸಿ ಪರೀಕ್ಷಾ ಪಟ್ಟಿಯ ಮೇಲೆ ಸಾಲಾಗಿ ಕೂರಿಸಿದರು. ಹುಳುವಿನ ವಿರುದ್ಧ ರೋಗಿಯ ದೇಹ ತಯಾರಿಸಿದ ಪ್ರತಿಕಾಯ ಅವುಗಳಲ್ಲಿ ಒಂದಕ್ಕಾದರೂ ಅಂಟಿದರೆ ಗೆರೆ ಮೂಡುತ್ತದೆ, ಅದು ಪಾಸಿಟಿವ್. ಆ ಅಧ್ಯಯನದಲ್ಲಿ ಶೇ. 98 ರೋಗಿಗಳು ಸಿಕ್ಕರು, ತಪ್ಪು ಪಾಸಿಟಿವ್ ಒಂದೂ ಇರಲಿಲ್ಲ. ಜಗತ್ತು ಇದನ್ನೇ ಮಾನದಂಡ ಮಾಡಿಕೊಂಡಿತು.

ಅದೇ ಹೊತ್ತಿಗೆ ಭಾರತದ ಆಸ್ಪತ್ರೆಗಳಲ್ಲಿ ಬೇರೊಂದು ಚಿತ್ರ ಕಾಣುತ್ತಿತ್ತು. ಫಿಟ್ಸ್ ಬಂದವರ ಸಿ.ಟಿ. ಸ್ಕ್ಯಾನ್‌ನಲ್ಲಿ ಒಂದೇ ಒಂದು ಸಣ್ಣ ಗಂಟು ಇರುತ್ತಿತ್ತು. ಕೆಲವು ತಿಂಗಳಲ್ಲಿ ಎಷ್ಟೋ ಸಲ ತಾನಾಗಿಯೇ ಮಾಯವಾಗುತ್ತಿತ್ತು. ಅದನ್ನು ಕ್ಷಯದ ಗಂಟೆಂದು ತಿಳಿದು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಟ್ಟದ್ದೂ ಉಂಟು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಇಂಥ ಗಂಟುಗಳನ್ನು ಹೊರತೆಗೆದು ಪರೀಕ್ಷಿಸಿದಾಗ ಹಲವುಗಳಲ್ಲಿ ಲಾಡಿಹುಳುವಿನ ಮರಿಯೇ ಕಂಡಿತು.

ಪರೀಕ್ಷೆಯ ಖ್ಯಾತಿಗೂ ನಮ್ಮ ರೋಗಿಗೂ ನಡುವಿನ ಅಂತರ ಬಯಲಾದದ್ದು 1991ರಲ್ಲಿ. ಎರಡು ಅಥವಾ ಹೆಚ್ಚು ಗುಳ್ಳೆಗಳಿದ್ದವರಲ್ಲಿ ಶೇ. 94 ಜನರನ್ನು ಹಿಡಿದ ಅದೇ ಪಟ್ಟಿ, ಒಂದೇ ಗಂಟಿದ್ದವರಲ್ಲಿ ಹಿಡಿದದ್ದು ಶೇ. 28 ಮಾತ್ರ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯ ಗುಂಪೇ. ಈ ಮಾತು ಲ್ಯಾಬ್ ವರದಿಯಲ್ಲೇ ಅಚ್ಚಾಗಬೇಕಿತ್ತು.

ಹುಳುವಿನ ಪ್ರೋಟೀನ್‌ಗಾಗಿ ಸೋಂಕಿತ ಹಂದಿಗಳನ್ನು ಹುಡುಕುವ ಕಷ್ಟ ಈಗ ತಗ್ಗಿದೆ. ಜಿಪಿ50, ಟಿ24ಎಚ್ ಎಂಬ ಹುಳುವಿನ ಪ್ರೋಟೀನ್‌ಗಳನ್ನು ಪ್ರಯೋಗಾಲಯದಲ್ಲೇ ತಯಾರಿಸುತ್ತಾರೆ. ಕರುಳಲ್ಲಿ ದೊಡ್ಡ ಹುಳು ಇರುವವರನ್ನು ಗುರುತಿಸಲು ಇಎಸ್33 ಎಂಬ ಪ್ರೋಟೀನ್ ಇದೆ. ಆದರೂ ಮಗುವಿಗೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಆಗುತ್ತದೆ, ಮನೆಯಲ್ಲಿ ಮೊಟ್ಟೆ ಹರಡುತ್ತಿರಬಹುದಾದವರ ಪರೀಕ್ಷೆ ಅಪರೂಪ. ವೈದ್ಯರು ಅವರಿಗೆ ಕೊಡುವ ಹುಳುವಿನ ಔಷಧಿ ನಿಕ್ಲೋಸಮೈಡ್ ಸಾಮಾನ್ಯವಾಗಿ ಒಂದೇ ಡೋಸ್.