ಬೈಲೈನ್ ಕಾಣೆಯಾದಾಗ

ಪತ್ರಿಕೆಯ ಡೆಸ್ಕ್‌ನಲ್ಲಿ ವರ್ಷಗಟ್ಟಲೆ ಕೂತವರಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಪತ್ರಿಕೆ ಕೈಗೆ ಬಂದರೆ ಸುದ್ದಿಗಿಂತ ಮೊದಲು ಬೈಲೈನ್, ಅಂದರೆ ಬರೆದವರ ಹೆಸರು, ನೋಡುತ್ತೇವೆ. ವಾರ ವಾರ ಬರುತ್ತಿದ್ದ ಹೆಸರು ಎರಡು ವಾರ ಕಾಣದಿದ್ದರೆ ಏನೋ ಆಗಿದೆ ಅಂತಲೇ ಲೆಕ್ಕ. ಜಗಳ, ಕಾಯಿಲೆ, ಇಲ್ಲವೇ ಸಂಬಳ ಜಾಸ್ತಿ ಕೊಡುವ ಇನ್ನೊಂದು ಪತ್ರಿಕೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಯಿಡ್ಡಿಶ್ ಪತ್ರಿಕೆಗಳ ಓದುಗರೂ ಹೀಗೇ ಹೆಸರು ಹುಡುಕುತ್ತಿದ್ದರು. ಯಿಡ್ಡಿಶ್ ಅಂದರೆ ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ಮೂಲ ಜರ್ಮನ್ ಕಡೆಯದು, ಲಿಪಿ ಹೀಬ್ರೂ. ಕಾರ್ಮಿಕರ ಭಾಷೆಯಾದ್ದರಿಂದ ಅದರ ಪತ್ರಿಕೆಗಳಲ್ಲಿ ಎಡಪಂಥ ಬಲವಾಗಿತ್ತು. ನ್ಯೂಯಾರ್ಕ್‌ನಲ್ಲಿ 1897ರಿಂದ ಸಮಾಜವಾದಿಗಳ 'ಫೊರ್ವೆರ್ಟ್ಸ್', 1922ರಿಂದ ಕಮ್ಯುನಿಸ್ಟರ 'ಫ್ರೈಹೈಟ್'. ಇಬ್ಬರಿಗೂ ಪರಸ್ಪರ ಆಗುತ್ತಿರಲಿಲ್ಲ. ಪ್ಯಾರಿಸ್‌ನಲ್ಲಿ 'ನಾಯೆ ಪ್ರೆಸೆ'. ಮಾಸ್ಕೋದ್ದು 'ಐನಿಕೈಟ್', ಅಂದರೆ ಒಗ್ಗಟ್ಟು. ಹಿಟ್ಲರ್ ವಿರುದ್ಧ ಬೆಂಬಲ ಕೂಡಿಸಲು ಸೋವಿಯತ್ ಸರ್ಕಾರವೇ ಕಟ್ಟಿದ ಯಹೂದಿ ಸಮಿತಿ 1942ರಲ್ಲಿ ಶುರು ಮಾಡಿದ ಪತ್ರಿಕೆ ಅದು.

ಆ ಸಮಿತಿಯ ಪರವಾಗಿ ಕವಿ ಇಟ್ಸಿಕ್ ಫೆಫರ್ ಮತ್ತು ನಟ ಸೊಲೊಮನ್ ಮಿಖೊಯೆಲ್ಸ್ 1943ರಲ್ಲಿ ಅಮೆರಿಕಕ್ಕೆ ಬಂದಿದ್ದರು. ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ಅವರ ಮಾತು ಕೇಳೋಕೆ ಸುಮಾರು 50,000 ಜನ ಸೇರಿದ್ದರು. ಹಾಗಾಗಿ ಮುಂದೆ ಕಾಣೆಯಾದದ್ದು ದೂರದ ಯಾರದೋ ಹೆಸರಲ್ಲ. ಓದುಗರು ಕಣ್ಣಾರೆ ಕಂಡ ಮನುಷ್ಯನದು.

1948ರ ಜನವರಿಯಲ್ಲಿ ಸ್ಟಾಲಿನ್‌ನ ಗುಪ್ತ ಪೊಲೀಸರು ಮಿಖೊಯೆಲ್ಸ್‌ರನ್ನು ಮಿನ್ಸ್ಕ್‌ನಲ್ಲಿ ಕೊಂದು, ಅಪಘಾತ ಅಂತ ಹೇಳಿದರು. ನವೆಂಬರ್‌ನಲ್ಲಿ 'ಐನಿಕೈಟ್' ಮುಚ್ಚಿತು. ಆ ಹೊತ್ತಿನಲ್ಲೇ ಒಂದೊಂದೇ ಹೆಸರು ನಿಂತುಹೋಯಿತು: ಫೆಫರ್, ಪೆರೆಟ್ಸ್ ಮಾರ್ಕಿಶ್, ಲೆಯ್ಬ್ ಕ್ವಿಟ್ಕೊ, ಡೇವಿಡ್ ಹೋಫ್‌ಶ್ಟೇಯ್ನ್, ಡೇವಿಡ್ ಬೆರ್ಗೆಲ್ಸನ್. ಹೊಸ ಕವಿತೆ ಇಲ್ಲ, ಕಥೆ ಇಲ್ಲ, ಸಾವಿನ ಸುದ್ದಿಯೂ ಇಲ್ಲ. ಅವರೆಲ್ಲ ಎಲ್ಲಿ ಅಂತ 'ಫೊರ್ವೆರ್ಟ್ಸ್' ಕಡೆಯವರು ಕೇಳುತ್ತಿದ್ದರು. ಅದೆಲ್ಲ ವೈರಿಗಳ ಅಪಪ್ರಚಾರ ಅನ್ನೋದು ಕಮ್ಯುನಿಸ್ಟರ ಉತ್ತರ. ಅಷ್ಟರಲ್ಲಿ, 1952ರ ಆಗಸ್ಟ್ 12ರಂದು, ಸಮಿತಿಯ ನಂಟಿದ್ದ 13 ಜನರನ್ನು ಮಾಸ್ಕೋದಲ್ಲಿ ಗುಂಡಿಟ್ಟು ಕೊಂದಾಗಿತ್ತು. ಈ ಐವರೂ ಅದರಲ್ಲಿದ್ದರು. ಬೆರ್ಗೆಲ್ಸನ್‌ಗೆ ಅವತ್ತೇ 68 ತುಂಬಿತ್ತು.

ಸುದ್ದಿಯನ್ನು ಒಪ್ಪಿಕೊಂಡ ಮೊದಲ ಕಮ್ಯುನಿಸ್ಟ್ ಪತ್ರಿಕೆ ಪೋಲೆಂಡಿನ 'ಫೊಲ್ಕ್ಸ್-ಶ್ಟಿಮೆ', ಜನರ ದನಿ. 1946ರಲ್ಲಿ ವುಜ್ ನಗರದಲ್ಲಿ ಹುಟ್ಟಿದ್ದು. ಸಂಪಾದಕ ಹೆರ್ಶ್ ಸ್ಮೊಲಾರ್, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಮಿನ್ಸ್ಕ್ ಘೆಟ್ಟೊದಿಂದ ತಪ್ಪಿಸಿಕೊಂಡು ಕಾಡಿನಲ್ಲಿ ನಾಜಿಗಳ ವಿರುದ್ಧ ಹೋರಾಡಿದವರು, ಪಕ್ಕಾ ಪಕ್ಷದ ಮನುಷ್ಯ. 1956ರ ಫೆಬ್ರವರಿಯಲ್ಲಿ ಸೋವಿಯತ್ ನಾಯಕ ಖ್ರುಶ್ಚೆವ್ ಸ್ಟಾಲಿನ್‌ನ ಅಪರಾಧಗಳ ಬಗ್ಗೆ ರಹಸ್ಯ ಭಾಷಣ ಮಾಡಿದರು. ಅದರಲ್ಲಿ ಯಿಡ್ಡಿಶ್ ಲೇಖಕರ ಸುದ್ದಿಯೇ ಇರಲಿಲ್ಲ. ಏಪ್ರಿಲ್ 4ರಂದು ಸ್ಮೊಲಾರ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ತಲೆಬರಹ 'ನಮ್ಮ ನೋವು, ನಮ್ಮ ಸಮಾಧಾನ'.

ಆ ತಲೆಬರಹದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ನೋವಿನ ಭಾಗದಲ್ಲಿ ಸತ್ತವರ ಹೆಸರುಗಳಿವೆ. ಸಮಾಧಾನದ ಭಾಗದಲ್ಲಿ, ತಪ್ಪೆಲ್ಲ ಸ್ಟಾಲಿನ್‌ನ ಗುಪ್ತ ಪೊಲೀಸ್ ಮುಖ್ಯಸ್ಥ ಬೆರಿಯಾ ಮತ್ತು ವ್ಯಕ್ತಿಪೂಜೆಯದು, ಪಕ್ಷ ಈಗ ದಾರಿಗೆ ಬಂದಿದೆ ಅನ್ನುವ ಮಾತು. ಇವತ್ತು ಆ ಕಾಪಿ ನನ್ನ ಕೈಗೆ ಬಂದರೆ ಎರಡನೇ ಭಾಗಕ್ಕೆ ಕೆಂಪು ಗೀಟು ಎಳೆಯುತ್ತಿದ್ದೆ. ಆದರೆ 1956ರ ಪೋಲೆಂಡಿನಲ್ಲಿ ಸಮಾಧಾನ ತೆಗೆದಿದ್ದರೆ ನೋವು ಅಚ್ಚಾಗುತ್ತಲೇ ಇರಲಿಲ್ಲ. ಹೆಸರುಗಳನ್ನು ಮೆಷಿನ್‌ಗೆ ಹೋಗುವವರೆಗೆ ಉಳಿಸಿಕೊಳ್ಳೋದು ಹೇಗೆ ಅನ್ನೋದೇ ಅಲ್ಲಿ ಸಂಪಾದಕನ ಕಸುಬು. ಸ್ಮೊಲಾರ್‌ಗೆ ಆ ಸಮಾಧಾನದಲ್ಲಿ ನಂಬಿಕೆಯೂ ಇದ್ದಿರಬಹುದು. ನ್ಯೂಯಾರ್ಕ್‌ನ 'ಫ್ರೈಹೈಟ್' ಆ ಲೇಖನವನ್ನು ಮರುಮುದ್ರಿಸಿತು. ಇಷ್ಟು ವರ್ಷ ವೈರಿಗಳ ಮಾತು ಅಂತ ತಳ್ಳಿಹಾಕಿದ್ದು ಈಗ ತಮ್ಮದೇ ಪುಟದಲ್ಲಿ!

ಪ್ರೂಫ್ ನೋಡಿದವನಾಗಿ ಇನ್ನೊಂದು ಹೇಳಲೇಬೇಕು. ಮೊದಲ ಯುದ್ಧದ ನಂತರ ಮಾಸ್ಕೋದಿಂದ 'ಡೆರ್ ಎಮೆಸ್' ಅನ್ನುವ ದಿನಪತ್ರಿಕೆ ಬರುತ್ತಿತ್ತು. ಎಮೆಸ್ ಅಂದರೆ ನಿಜ, ಸೋವಿಯತ್ ಪಕ್ಷದ ರಷ್ಯನ್ ಪತ್ರಿಕೆ 'ಪ್ರಾವ್ದಾ'ದ ಅರ್ಥವೇ. ಅದು ಹೀಬ್ರೂವಿನಿಂದ ಬಂದ ಪದ. ಹಳೇ ಪದ್ಧತಿಯಲ್ಲಿ ಮೂರಕ್ಷರ: ಆಲೆಫ್, ಮೆಮ್, ತಾವ್. ಸೋವಿಯತ್ ಯಿಡ್ಡಿಶ್‌ನವರು ಹೀಬ್ರೂ ಕಾಗುಣಿತ ಧರ್ಮದ ಪಳೆಯುಳಿಕೆ ಅಂದುಕೊಂಡು, ಉಚ್ಚಾರದಂತೆ ಬರೆದರು: ಅಯಿನ್, ಮೆಮ್, ಅಯಿನ್, ಸಾಮೆಖ್. ನಿಜ ಅನ್ನೋ ಪದದಲ್ಲೇ ಹಳೆಯದರಿಂದ ಉಳಿದದ್ದು ಒಂದು ಮೆಮ್. ಮಹಾಪ್ರಾಣ ಬೇಕೋ ಬೇಡವೋ ಅಂತ ಕಿತ್ತಾಡಿದ ನಮಗೆ ಇದು ಸುಲಭವಾಗಿ ಅರ್ಥವಾಗುತ್ತೆ ಅಲ್ವಾ? ಅಲ್ಲಿ ಪತ್ರಿಕೆಯ ಹೆಸರು ನೋಡಿದರೆ ಸಾಕು, ಯಾವ ಬಣ ಅಂತ ಗೊತ್ತಾಗುತ್ತಿತ್ತು. 'ಎಮೆಸ್' ಸಂಪಾದಕ ಮೊಯ್ಶೆ ಲಿಟ್ವಕೊವ್ 1937ರಲ್ಲಿ ಬಂಧನಕ್ಕೊಳಗಾದರು. ಮರುವರ್ಷ ಪತ್ರಿಕೆಯೂ ನಿಂತಿತು.

ಸ್ಮೊಲಾರ್ ಕೊಲೆಯಾಗಲಿಲ್ಲ. 1968ರ ಹೊತ್ತಿಗೆ ಪೋಲೆಂಡಿನಲ್ಲಿ 'ಜಿಯೋನಿಸ್ಟ್ ವಿರೋಧ', ಅಂದರೆ ಯಹೂದಿ ರಾಷ್ಟ್ರವಾದದ ವಿರೋಧ, ಅನ್ನೋ ಹೆಸರಲ್ಲಿ ಯಹೂದಿಗಳ ಮೇಲೆ ಅಭಿಯಾನ ನಡೆಯಿತು. ಸ್ಮೊಲಾರ್‌ರ ಸಂಪಾದಕ ಕುರ್ಚಿ ಹೋಯಿತು. 'ಫೊಲ್ಕ್ಸ್-ಶ್ಟಿಮೆ' ವಾರಪತ್ರಿಕೆಯಾಯಿತು. ಅವರು ಇಸ್ರೇಲಿಗೆ ಹೋಗಿ, ಅಲ್ಲೂ ಯಿಡ್ಡಿಶ್‌ನಲ್ಲೇ ಬರೆದರು.